"ರಕ್ತದಾಗೇ ಐತ್ರಿ" ಅಂದರು ಅತ್ತೆ

ಗಂಗಾವತಿ ಕಡೆಯ ಒಂದು ಊರು. ಕಾಲುವೆ ಕೆಳಗೆ ಕಣ್ಣು ಹಾಯುವಷ್ಟು ದೂರ ನೆಲ್ಲಿನ ಗದ್ದೆ. ಊರಿನ ಹೆಸರು, ಮನೆತನದ ಹೆಸರು ಬೇಡ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಸಲಹೆ ಕೇಳೋಕೆ ಬಂದವಳನ್ನು ತಂಗಿ ಅಂತಲೇ ಕರೆದಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ.

ತಂಗಿಗೆ 23 ವರ್ಷ. ನಾಲ್ಕು ತಿಂಗಳ ಬಸುರಿ. ಎರಡು ವರ್ಷದ ಹಿಂದೆ ಮೊದಲ ಹೆರಿಗೆ 31ನೇ ವಾರಕ್ಕೇ ಆಗಿತ್ತು. ಗಂಡು ಕೂಸು. ಐದನೇ ದಿನ ತೀರಿಕೊಂಡಿತು. ಈ ಸಲ ಗಂಡ, ಅತ್ತೆ ಇಬ್ಬರೂ ಜೊತೆಗೆ ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು. "ಇವರವ್ವನೂ ಎಂಟು ತಿಂಗಳಿಗೇ ಹಡದಾಳ್ರಿ. ಇವರ ಮನಿ ರಕ್ತದಾಗೇ ಐತ್ರಿ ಅದು."

ತಂಗಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ಸುಮಾರು ಹೊತ್ತಾದ ಮೇಲೆ ಒಂದೇ ಮಾತು ಕೇಳಿದಳು. "ಅಕ್ಕಾರ, ನನ್ನ ಹೊಟ್ಯಾಗ ಕೂಸು ನಿಲ್ಲಂಗಿಲ್ಲೇನ್ರಿ?"

"ಹೆದರಬೇಡ, ಎಲ್ಲಾ ಸರಿ ಹೋಗುತ್ತೆ" ಅನ್ನೋದು ಸುಲಭ. ಒಂದು ಕೂಸನ್ನು ಮಣ್ಣಿಗಿಟ್ಟು ಬಂದವಳಿಗೆ ಆ ಮಾತು ಸಾಲಲ್ಲ.

ಮೊದಲು ಅತ್ತೆಯ ಮಾತನ್ನೇ ತೆಗೆದುಕೊಂಡೆ. ಅದು ಪೂರ್ತಿ ಸುಳ್ಳಲ್ಲ. 37 ವಾರ ತುಂಬುವ ಮೊದಲು ಹೆರಿಗೆಯಾದರೆ ಅವಧಿಪೂರ್ವ ಹೆರಿಗೆ ಅಂತೀವಿ. ತಾಯಿಗೋ ಅಕ್ಕತಂಗಿಗೋ ಹಾಗಾಗಿದ್ದರೆ ತನಗೂ ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ತನಗೇ ಒಮ್ಮೆ ಆಗಿದ್ದರೆ ಇನ್ನೂ ಜಾಸ್ತಿ. 2017ರಲ್ಲಿ 43 ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಸೇರಿಸಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಬಸುರಿನ ಅವಧಿಗೂ ಕೆಲವು ಜೀನ್‌ಗಳಿಗೂ ನಂಟು ಸಿಕ್ಕಿತು. ಅವುಗಳಲ್ಲಿ ಒಂದು, ದೇಹ ಸೆಲೆನಿಯಂ ಅನ್ನೋ ಖನಿಜ ಬಳಸಿಕೊಳ್ಳುವುದಕ್ಕೆ ಸಂಬಂಧಪಟ್ಟದ್ದು. ಆದರೆ ಆ ತಾಯಂದಿರು ಯುರೋಪ್ ಮೂಲದವರು. ಒಂದೊಂದು ಜೀನಿನ ಪ್ರಭಾವವೂ ತೀರಾ ಸಣ್ಣದು. "ನಿನಗೆ ಬೇಗ ಹೆರಿಗೆಯಾಗುತ್ತೆ" ಅಂತ ಮೊದಲೇ ಹೇಳಿಬಿಡುವ ಜೀನ್ ಪರೀಕ್ಷೆ ಇಲ್ಲ. ಯಾರಾದರೂ ಮಾಡಿಸಿ ಅಂದರೆ ದುಡ್ಡು ಕೊಡಬೇಡಪ್ಪಾ ಅಂತ ಗಂಡನಿಗೆ ಹೇಳಿದೆ.

ಆಮೇಲೆ ಅತ್ತೆಯನ್ನು ಕೇಳಿದೆ. "ಇವಳ ಅವ್ವ ಏನು ಕೆಲಸಕ್ಕೆ ಹೋಗ್ತಿದ್ದರು?" "ನೆಲ್ಲು ಹಚ್ಚಾಕ್ರಿ." "ಇವಳು?" "ಅದಕ್ಕರಿ." ಅದೇ ಬಗ್ಗಿದ ಬೆನ್ನು, ಅದೇ ಒಲೆಯ ಹೊಗೆ, ಉಂಡ ಮೇಲೆ ಅದೇ ಎಲೆ ಅಡಿಕೆ ತಂಬಾಕು. ಅವ್ವನಿಂದ ಮಗಳಿಗೆ ಇಷ್ಟೂ ಬಂದಿದೆ, ಅಲ್ವಾ? ನಾವು ರಕ್ತದ ಲೆಕ್ಕ ಮಾತ್ರ ಹಾಕುತ್ತೇವೆ.

ಗಂಡನನ್ನು ಸ್ವಲ್ಪ ಹೊರಗೆ ಕಳಿಸಿ, ಮೂತ್ರಕ್ಕೆ ಹೋದಾಗ ಉರಿ ಇತ್ತಾ ಅಂತ ಕೇಳಿದೆ. ಆಗ ವಿಷಯ ಹೊರಬಂತು. "ಅಲ್ಲಿ ಮರೆ ಇಲ್ರಿ ಅಕ್ಕಾರ." ಸುತ್ತ ನೀರು ನಿಂತ ಗದ್ದೆ, ಒಂದು ಗಿಡವೂ ಇಲ್ಲ. ಬದುವಿನ ಮೇಲೆ ಗಂಡಸರು ಸಸಿಯ ಕಟ್ಟು ಎಸೆಯುತ್ತಾ ಓಡಾಡುತ್ತಿರುತ್ತಾರೆ. ಅದಕ್ಕೇ ಹೆಂಗಸರು ಬೆಳಿಗ್ಗೆಯಿಂದಲೇ ನೀರು ಕುಡಿಯಲ್ಲ. ಕತ್ತಲಾಗುವ ತನಕ ತಡೆದುಕೊಳ್ಳುತ್ತಾರೆ. ಮೊಣಕಾಲವರೆಗೆ ನೀರಿನಲ್ಲಿ ನಿಂತು ಬಾಯಾರಿಕೆ. ಮೊದಲ ಬಸುರಿನಲ್ಲಿ ಐದನೇ ತಿಂಗಳಿಂದ ಉರಿ ಇತ್ತಂತೆ. "ಉಷ್ಣ ಆಗಿರಬೇಕಂತ ಮಜ್ಜಿಗಿ ಕುಡದ್ನಿರಿ" ಅಂದಳು.

ಪ್ಲಾಸ್ಟಿಕ್ ಚೀಲದಲ್ಲಿದ್ದ ಹಳೇ ಕಾಗದಗಳನ್ನು ಟೇಬಲ್ ಮೇಲೆ ಹರಡಿದೆ. ನಾಲ್ಕು ಮಡಿಕೆಯ, ಅಂಚು ಹರಿದ ಒಂದು ಮೂತ್ರದ ವರದಿ ಸಿಕ್ಕಿತು. ಕೀವು ಕಣ ಜಾಸ್ತಿ ಇವೆ ಅಂತ ಅದರಲ್ಲಿತ್ತು, ಅಂದರೆ ಸೋಂಕಿರಬಹುದು ಅನ್ನೋ ಸುಳಿವು. ಔಷಧಿ ಬರೆದ ಗುರುತು ಎಲ್ಲೂ ಇರಲಿಲ್ಲ. ಇವಳಿಗೆ ಯಾರೂ ಹೇಳಿಯೂ ಇರಲಿಲ್ಲ. ಓದುತ್ತಾ ನನಗೆ ಸಂಕಟವಾಯಿತು.

ಕೂಸು ಬೇಗ ಹುಟ್ಟಿದ್ದು ಅದರಿಂದಲೇ ಅಂತ ಒಂದು ಕಾಗದ ನೋಡಿ ಹೇಳೋಕಾಗಲ್ಲ, ಹೇಳಲೂ ಇಲ್ಲ. ಸೋಂಕಿನಿಂದ ಹೇಗೆ ಹಾಗಾಗಬಹುದು ಅಂತ ಮಾತ್ರ ಬಿಡಿಸಿ ಹೇಳಿದೆ. ಮೂತ್ರದ ದಾರಿಯಲ್ಲೋ ಯೋನಿಯಲ್ಲೋ ರೋಗಾಣು ಬೆಳೆದರೆ ದೇಹ ಅದರ ಜೊತೆ ಹೋರಾಡುತ್ತೆ. ಆ ಹೋರಾಟದಲ್ಲಿ ಹುಟ್ಟುವ ರಾಸಾಯನಿಕಗಳಿಂದ ಪ್ರೊಸ್ಟಾಗ್ಲಾಂಡಿನ್ ಜಾಸ್ತಿಯಾಗುತ್ತೆ. ಹೆರಿಗೆ ನೋವು ತರಿಸುವುದೂ ಇದೇ. ರೋಗಾಣು ಮೇಲೆ ಏರಿ ಗರ್ಭಕೋಶ ಮುಟ್ಟಿದರೆ ನೀರಿನ ಚೀಲವೂ ದುರ್ಬಲವಾಗುತ್ತೆ. ಸೋಂಕು ಒಂದೇ ಆದರೂ ಕೆಲವರ ದೇಹ ಜೋರಾಗಿ ಸಿಡಿದೇಳುತ್ತೆ, ಕೆಲವರದು ಸುಮ್ನಿರುತ್ತೆ. ಇದರಲ್ಲಿ ಜೀನಿನ ಪಾಲೂ ಇದೆ. "ನೋಡ್ರೀ ಅಮ್ಮಾ, ರಕ್ತ ಬದಲಿಸೋಕಾಗಲ್ಲ. ಸೋಂಕು ಹುಡುಕಿ ವಾಸಿ ಮಾಡಬಹುದು" ಅಂದೆ ಅತ್ತೆಗೆ.

ತಂಗಿಗೆ ಹೇಳಿದ್ದು ಇಷ್ಟು. ಉರಿ ಇರಲಿ ಬಿಡಲಿ, ಈಗಲೇ ಮೂತ್ರದ ಕಲ್ಚರ್, ಅಂದರೆ ರೋಗಾಣು ಬೆಳೆಯುತ್ತಾ ಅಂತ ನೋಡುವ ಪರೀಕ್ಷೆ, ಮಾಡಿಸು. ಬಸುರಿಯಲ್ಲಿ ಯಾವ ಲಕ್ಷಣವೂ ಇಲ್ಲದೆ ಸೋಂಕು ಇರಬಹುದು. ಮಾತ್ರೆ ಕೊಟ್ಟರೆ ಪೂರ್ತಿ ನುಂಗು, ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸು. ಬಿಳಿ ಸೆರಗು ವಾಸನೆ ಬಂದರೆ ನಾಚಿಕೆ ಬೇಡ, ಡಾಕ್ಟರಿಗೆ ಹೇಳು. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗದ ಪರೀಕ್ಷೆ ಆಗಿದೆಯಾ ತಾಯಿ ಕಾರ್ಡಿನಲ್ಲಿ ನೋಡಿಸು. ತಂಬಾಕು ಬಿಡು. 18ರಿಂದ 24 ವಾರದ ಒಳಗೆ ಗರ್ಭಕೋಶದ ಬಾಯಿಯ ಉದ್ದ ಅಳೆಯುವ ಸ್ಕ್ಯಾನ್ ಬೇಕು ಅಂತ ಕೇಳು. 25 ಮಿಲಿಮೀಟರಿಗಿಂತ ಕಡಿಮೆ ಬಂದರೆ ಬಸುರು ನಿಲ್ಲಲು ನೆರವಾಗುವ ಪ್ರೊಜೆಸ್ಟರಾನ್ ಹಾರ್ಮೋನು ಕೊಡಬೇಕೋ ಹೊಲಿಗೆ ಹಾಕಬೇಕೋ ಡಾಕ್ಟರು ನೋಡುತ್ತಾರೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯ ತಪಾಸಣೆ ತಪ್ಪಿಸಬೇಡ. ತಾಯಿ ಕಾರ್ಡಿನ ಮೇಲೆ "ಹಿಂದೆ 31 ವಾರಕ್ಕೆ ಹೆರಿಗೆ" ಅಂತ ಕೆಂಪು ಪೆನ್ನಿನಲ್ಲಿ ಬರೆದುಕೊಟ್ಟೆ.

ಗಂಡನನ್ನು ಒಳಗೆ ಕರೆದೆ. ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯಾದರೆ, ಸೊಂಟ ನೋವು ಬಂದು ಹೋಗುತ್ತಿದ್ದರೆ, ನೀರು ಸೋರಿದರೆ, ರಕ್ತ ಕಂಡರೆ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ 108ಕ್ಕೆ ಫೋನ್ ಮಾಡು ಅಂದೆ. 24ರಿಂದ 34 ವಾರದ ನಡುವೆ ಬೇಗ ಹೆರಿಗೆಯಾಗುವ ಹಾಗಿದ್ದರೆ ತಾಯಿಗೆ ಡೆಕ್ಸಾಮೆಥಸೋನ್ ಇಂಜೆಕ್ಷನ್ ಕೊಡುತ್ತಾರೆ. 12 ಗಂಟೆಗೊಂದರಂತೆ ನಾಲ್ಕು. ಕೂಸಿನ ಶ್ವಾಸಕೋಶ ಗಟ್ಟಿಯಾಗೋಕೆ. ಅದಕ್ಕೇ ಗಂಟೆ ಗಂಟೆಗೂ ಬೆಲೆ ಇದೆ. ನವಜಾತ ಶಿಶು ಘಟಕ ಇರುವ ಆಸ್ಪತ್ರೆಗೇ ಹೋಗಬೇಕು.

"ಏಳು ತಿಂಗಳ ಕೂಸು ಬದುಕತೈತಿ, ಎಂಟರದು ಬದುಕಂಗಿಲ್ಲ ಅಂತಾರಲ್ರಿ?" ಅಂತ ಅತ್ತೆ ಕೇಳಿದರು. ಇದು ತಪ್ಪು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭ ಅಂದೆ. ಅವರಿಗೆ ಒಂದು ಕೆಲಸವನ್ನೂ ಒಪ್ಪಿಸಿದೆ. ಸೊಸೆಯನ್ನು ಈ ಸಲ ನಾಟಿಗೆ ಕಳಿಸಬಾರದು. ದಿನಕ್ಕೆ ಎರಡು ದೊಡ್ಡ ಬಾಟಲಿ ನೀರು ಕುಡಿಸಬೇಕು.

ಕಲ್ಚರ್‌ನಲ್ಲಿ ಸೋಂಕು ಸಿಕ್ಕಿತು. ಮಾತ್ರೆ ಆಯಿತು, ಎರಡನೇ ವರದಿ ಚೆನ್ನಾಗಿ ಬಂತು. ಸ್ಕ್ಯಾನೂ ಸರಿ ಇತ್ತು. 31ನೇ ವಾರದಲ್ಲಿ ತಂಗಿ ರಾತ್ರಿಯೆಲ್ಲಾ ನಿದ್ದೆ ಮಾಡುತ್ತಿರಲಿಲ್ಲವಂತೆ. ಆ ವಾರ ದಿನಾ ಸಂಜೆ ನಾನೇ ಫೋನ್ ಮಾಡಿದೆ. ಈಗ 34ರಲ್ಲಿದ್ದಾಳೆ. ಮೊನ್ನೆ 9ನೇ ತಾರೀಕು ಬಂದಾಗ ಅತ್ತೆ ತಾವಾಗಿಯೇ ಒಂದು ಮಾತು ಹೇಳಿದರು. "ಮೊದಲ್ನೇದಕ್ಕ ಉರಿ ಐತಿ ಅಂದಿದ್ಲುರಿ. ನಾನ ಮಜ್ಜಿಗಿ ಕೊಟ್ಟಿದ್ದೆ." ತಂಗಿ ಅವರ ಕೈ ಹಿಡಿದುಕೊಂಡಳು. ಆಸ್ಪತ್ರೆಗೆ ಒಯ್ಯುವ ಚೀಲ ತುಂಬಿಟ್ಟಿದ್ದಾರಂತೆ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದಾರಂತೆ.