ಡಿಸ್ಕಿಗೆ ಎಣ್ಣೆ ಹೊಡೆಯುವ ಮುನ್ನ ಇದನ್ನು ಓದಿ

ಪ್ರಶ್ನೆ: ಚೈನಿಗೆ ಸ್ಪ್ರೇ ಹೊಡೆದ ದಿನದಿಂದ ಸೈಕಲ್ಲಿನ ಹಿಂದಿನ ಡಿಸ್ಕ್ ಬ್ರೇಕ್ ಕಿರುಚುತ್ತಿದೆ, ಸರಿಯಾಗಿ ಹಿಡಿಯುತ್ತಲೂ ಇಲ್ಲ. ಡಿಸ್ಕಿಗೂ ಸ್ವಲ್ಪ ಡಬ್ಲ್ಯುಡಿ-40 (ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ) ಹೊಡೆದರೆ ಶಬ್ದ ನಿಲ್ಲುತ್ತದೆ ಎಂದರು ಅಂಗಡಿಯವರು. ಹೊಡೆಯಲಾ?

ಉತ್ತರ: ಬೇಡ. ಶಬ್ದ ನಿಲ್ಲಬಹುದು, ಆದರೆ ಸೈಕಲ್ ನಿಲ್ಲುವುದಿಲ್ಲ. ಪ್ಯಾಡು ಡಿಸ್ಕನ್ನು ಉಜ್ಜಿ ಹಿಡಿದರೆ ತಾನೇ ಬ್ರೇಕು? ನಡುವೆ ಎಣ್ಣೆ ಸುರಿಯಿರಿ ಎನ್ನುವವರ ಕೈಗೆ ಸೈಕಲ್ ಕೊಡಲೇಬೇಡಿ. ಇದನ್ನು ಎಷ್ಟು ಸಲ ಬರೆದರೂ ಮತ್ತೆ ಇದೇ ಪ್ರಶ್ನೆ ಬರುತ್ತದೆ!

ಚೈನ್ ಬಲಕ್ಕಿದೆ, ಡಿಸ್ಕ್ ಎಡಕ್ಕಿದೆ, ನಿಜ. ಆದರೆ ಸ್ಪ್ರೇ ಚಕ್ರದ ಕಡ್ಡಿಗಳ ಸಂದಿಯಿಂದ ಆ ಕಡೆಗೂ ಹಾರುತ್ತದೆ. ಇನ್ನು ಮೇಲೆ ಚೈನಿಗೆ ಹನಿ ಹನಿಯಾಗಿ ಎಣ್ಣೆ ಬಿಟ್ಟು, ಜಾಸ್ತಿಯಾದದ್ದನ್ನು ಒರೆಸಿ.

ಈಗ ಚಕ್ರ ಬಿಚ್ಚಿ. ಬಿಚ್ಚಿದ ಮೇಲೆ ಬ್ರೇಕ್ ಲಿವರ್ ಒತ್ತಬೇಡಿ. ಹೈಡ್ರಾಲಿಕ್ (ದ್ರವದ ಒತ್ತಡದಿಂದ ನಡೆಯುವ) ಬ್ರೇಕ್ ಆದರೆ ಪ್ಯಾಡುಗಳು ಹತ್ತಿರ ಬಂದು, ಡಿಸ್ಕ್ ಒಳಗೆ ಹೋಗುವುದಿಲ್ಲ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಬಟ್ಟೆ ಕಪ್ಪಾಗದಷ್ಟು ಸಲ. ಆಮೇಲೆ ಬೆರಳು ತಾಗಿಸಬೇಡಿ, ಕೈಯ ಜಿಡ್ಡೂ ಎಣ್ಣೆಯೇ. ಪ್ಯಾಡಿನ ಮೇಲ್ಮೈ ಮಾತ್ರ ಕೊಳೆಯಾಗಿದ್ದರೆ ಸ್ಯಾಂಡ್‌ಪೇಪರಿನಲ್ಲಿ ತೆಳ್ಳಗೆ ಉಜ್ಜಿ. ಎಣ್ಣೆ ಹೀರಿಕೊಂಡಿದ್ದರೆ ಎಸೆದು ಹೊಸದು ಹಾಕಿ. ಗ್ಯಾಸ್ ಒಲೆಯ ಮೇಲೆ ಸುಟ್ಟರೆ ಎಣ್ಣೆ ಹೋಗುತ್ತದೆ ಅಂತ ವಿಡಿಯೊಗಳಿವೆ. ರೆಸಿನ್ ಪ್ಯಾಡನ್ನು ಸುಟ್ಟರೆ ಅದನ್ನು ಹಿಡಿದಿಟ್ಟಿರುವ ಅಂಟೇ ಹಾಳಾಗುತ್ತದೆ. ನನ್ನ ಮಟ್ಟಿಗೆ ಬ್ರೇಕಿನ ವಿಷಯದಲ್ಲಿ ಜುಗ್ಗತನ ಬೇಡ.

ಹೊಸ ಪ್ಯಾಡ್ ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗಕ್ಕೆ ಹೋಗಿ, ನಡಿಗೆಯ ವೇಗಕ್ಕೆ ಬರುವವರೆಗೆ ಒಂದೇ ಸಮನೆ ಒತ್ತಿ. ಚಕ್ರ ಲಾಕ್ ಆಗಬಾರದು, ಪೂರ್ತಿ ನಿಲ್ಲಲೂಬಾರದು. ಇಪ್ಪತ್ತು ಸಲವಾದರೂ ಮಾಡಿ. ಇದನ್ನು ನಂದಿಬೆಟ್ಟದ ಇಳಿಜಾರಿನಲ್ಲಿ ಮಾಡುವವರಿದ್ದಾರೆ, ದಯವಿಟ್ಟು ನೀವು ಅವರಾಗಬೇಡಿ.

ಪ್ರಶ್ನೆ: ಶಿಮಾನೊ ಹೈಡ್ರಾಲಿಕ್ ಬ್ರೇಕಿಗೆ ಮೋಟಾರ್‌ಬೈಕಿನ ಬ್ರೇಕ್ ಆಯಿಲ್ ನಡೆಯುತ್ತದಾ?

ಉತ್ತರ: ಇಲ್ಲ. ಅದಕ್ಕೆ ಬೇಕಿರುವುದು ಮಿನರಲ್ ಆಯಿಲ್. ಬೈಕಿನ ಡಾಟ್ ಫ್ಲೂಯಿಡ್ ಹಾಕಿದರೆ ಒಳಗಿನ ಸೀಲುಗಳು ಹಾಳಾಗುತ್ತವೆ.

ಪ್ರಶ್ನೆ: ಚಕ್ರ ತಿರುಗಿಸಿದರೆ ಸರ್ ಸರ್ ಅನ್ನುತ್ತದೆ.

ಉತ್ತರ: ಪ್ಯಾಡು ಡಿಸ್ಕಿಗೆ ತಾಗುತ್ತಿರಬೇಕು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಬೋಲ್ಟ್ ಎರಡನ್ನೂ ಸಡಿಲಿಸಿ, ಲಿವರ್ ಒತ್ತಿ ಹಿಡಿದುಕೊಂಡೇ ಬಿಗಿ ಮಾಡಿ. ಆದರೂ ಹೋಗದಿದ್ದರೆ ಡಿಸ್ಕ್ ಸೊಟ್ಟಗಾಗಿದೆಯಾ ನೋಡಿ.

ಪ್ರಶ್ನೆ: ಮುಂದಿನ ಬ್ರೇಕ್ ಒತ್ತಿದರೆ ಮಗುಚಿ ಬೀಳುತ್ತೇವೆ ಅಲ್ವಾ? ಹಿಂದಿನದೊಂದೇ ಸಾಕಲ್ವಾ?

ಉತ್ತರ: ಸಾಲದು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬರುತ್ತದೆ, ಆಗ ಚೆನ್ನಾಗಿ ನಿಲ್ಲಿಸುವುದು ಮುಂದಿನದೇ. ಎರಡನ್ನೂ ಒತ್ತಿ, ಗಕ್ಕನೆ ಹಿಂಡಬೇಡಿ.