‘ಕೈ ಆಡಿಸಬೇಡ’ ಅನ್ನುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಆಟಿಸಂ, ಎಡಿಎಚ್‌ಡಿ, ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮನೆಯವರದ್ದೇ ಜಾಸ್ತಿ. ಆಟಿಸಂ ಅಂದರೆ ಬೆರೆಯುವ, ಮಾತಾಡುವ ರೀತಿಯೇ ಬೇರೆ ಇರೋದು; ಎಡಿಎಚ್‌ಡಿ ಅಂದರೆ ಗಮನ ಒಂದೆಡೆ ನಿಲ್ಲದಿರೋದು, ಸುಮ್ಮನೆ ಕೂರಲಾಗದಿರೋದು; ಡೌನ್ ಸಿಂಡ್ರೋಮ್ ಅಂದರೆ ಹುಟ್ಟುವಾಗಲೇ ಒಂದು ವರ್ಣತಂತು ಹೆಚ್ಚಿಗೆ ಇದ್ದು ಕಲಿಕೆ ನಿಧಾನವಾಗೋದು. ಹಾಗಾಗಿ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟು ಪೂರ್ತಿ ಜಾಗ ಇವಕ್ಕೇ ಕೊಟ್ಟಿದ್ದೇನೆ, ಮೊದಲು ಪತ್ರ, ಅದರ ಕೆಳಗೆ ನನ್ನ ಉತ್ತರ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ, ಸ್ಪೀಚ್ ಥೆರಪಿಸ್ಟ್. ಮಗುವನ್ನು ನೋಡದೆ ಯಾರೂ ಇದು ಹೀಗೇ ಅಂತ ಹೇಳಬಾರದು, ನಾನೂ ಹೇಳೋದಿಲ್ಲ.

ನನ್ನ ಮಗನಿಗೆ 6 ವರ್ಷ, ಆಟಿಸಂ ಇದೆ. ಖುಷಿಯಾದರೂ ಕೈ ಬೀಸುತ್ತಾನೆ, ಹೆದರಿದರೂ ಬೀಸುತ್ತಾನೆ. ಹೊರಗೆ ಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ. ಈಗಲೇ ಬಿಡಿಸದಿದ್ದರೆ ಮುಂದೆ ಕಷ್ಟ ಅಂತ ಶಾಲೆಯವರು ಹೇಳುತ್ತಾರೆ. ಹೇಗೆ ಬಿಡಿಸಲಿ ಮೇಡಂ?

ಬಿಡಿಸಬೇಡಿ.

ಇಷ್ಟು ನೇರವಾಗಿ ಹೇಳೋಕೆ ನನಗೂ ವರ್ಷಗಳೇ ಹಿಡಿದವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ‘ಕೈ ಕೆಳಗೆ, ಕೈ ಕೆಳಗೆ’ ಅನ್ನುತ್ತಿದ್ದವಳೇ. ನಮಗೆ ಹಾಗೇ ಕಲಿಸಿದ್ದರು. ಆಗ ಒಬ್ಬ ಹುಡುಗ ಬರುತ್ತಿದ್ದ, ಹೆಚ್ಚುಕಡಿಮೆ ನಿಮ್ಮ ಮಗನ ವಯಸ್ಸು. ನನ್ನ ರೂಮಿಗೆ ಕಾಲಿಟ್ಟ ಕೂಡಲೇ ಕಿವಿಯ ಪಕ್ಕ ಬೆರಳು ಆಡಿಸೋಕೆ ಶುರು. ನಾನು ಅವನ ಎರಡೂ ಕೈ ಹಿಡಿದು ಮೇಜಿನ ಮೇಲೆ ಇಡಿಸಿ ಚಿತ್ರದ ಕಾರ್ಡ್ ತೋರಿಸುತ್ತಿದ್ದೆ. ಕೈ ಇಟ್ಟುಕೊಂಡು ಕೂರುತ್ತಿದ್ದ, ನಿಜ. ಆದರೆ ಕಾರ್ಡ್ ನೋಡುತ್ತಿರಲಿಲ್ಲ. ಕೈ ಆಡಿಸದೆ ಇರುವುದಕ್ಕೇ ಅವನ ಶಕ್ತಿಯೆಲ್ಲ ಖರ್ಚಾಗುತ್ತಿತ್ತು, ಕಾರ್ಡಿಗೆ ಎಲ್ಲಿಂದ ತರುತ್ತಾನೆ? ಒಂದು ದಿನ ರೂಮಿನ ಟ್ಯೂಬ್‌ಲೈಟ್ ಕೆಟ್ಟು ಆರಿಹೋಯಿತು. ಹುಡುಗ ತಲೆ ಎತ್ತಿ ಅದನ್ನೊಮ್ಮೆ ನೋಡಿದ. ಬೆರಳು ತಾನಾಗೇ ನಿಂತಿತು. ಆಮೇಲೆ ಕಿಟಕಿಯ ಬೆಳಕಿನಲ್ಲಿ ನನ್ನ ಕೈಯಿಂದ ಕಾರ್ಡ್ ಕಿತ್ತುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಆ ಟ್ಯೂಬ್‌ಲೈಟ್ ಅಷ್ಟು ದಿನವೂ ಗುಂಯ್ ಅನ್ನುತ್ತಿತ್ತು ಅಂತ ನನಗೆ ಗೊತ್ತಾದದ್ದೇ ಆವತ್ತು, ಅದು ನಿಂತ ಮೇಲೆ.

ಅವನು ಬೆರಳು ಆಡಿಸಿ ಆ ಶಬ್ದವನ್ನು ತಡೆದುಕೊಳ್ಳುತ್ತಿದ್ದ. ನಾನು ಶಬ್ದವನ್ನು ಹಾಗೇ ಬಿಟ್ಟು, ತಡೆದುಕೊಳ್ಳುವ ದಾರಿಯನ್ನು ಮುಚ್ಚಿದ್ದೆ.

ಬೆಳಕು, ಶಬ್ದ, ಸ್ಪರ್ಶ ಬೇರೆಯವರಿಗಿಂತ ಜಾಸ್ತಿ ಅಥವಾ ಕಡಿಮೆ ತಾಗುವುದನ್ನು 2013ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ-5 ಕೈಪಿಡಿ ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿಸಿದೆ. 2019ರಲ್ಲಿ ಸಂಶೋಧಕ ಸ್ಟೀವನ್ ಕ್ಯಾಪ್ ಮತ್ತು ಜೊತೆಗಾರರು 32 ಆಟಿಸ್ಟಿಕ್ ವಯಸ್ಕರನ್ನು ಈ ಕೈ ಬೀಸುವುದು, ತೂಗಾಡುವುದರ ಬಗ್ಗೆ ಕೇಳಿದರು. ಮನಸ್ಸು ತಡೆಯಲಾರದಷ್ಟು ತುಂಬಿದಾಗ ಸಮಾಧಾನ ಸಿಗೋದು ಇದರಿಂದಲೇ, ಇದನ್ನು ಬಿಡಿಸುವ ಚಿಕಿತ್ಸೆ ಬೇಡ ಅನ್ನುವುದು ಅವರ ಮಾತಿನ ಸಾರ. ಒಳಗಿದ್ದು ಅನುಭವಿಸಿದವರು ಅವರು.

ಮಗು ತನಗೇ ನೋವು ಮಾಡಿಕೊಳ್ಳುತ್ತಿದ್ದರೆ ಮಾತ್ರ ಕೈಕಟ್ಟಿ ಕೂರಬೇಡಿ. ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳೋಕೆ ಶುರು ಮಾಡಿದರೆ ಮೊದಲು ಕಿವಿ, ಹಲ್ಲು, ಹೊಟ್ಟೆ ತೋರಿಸಿ. ‘ಅದು ಆಟಿಸಂನ ಬುದ್ಧಿ’ ಅಂತ ಎಲ್ಲರೂ ಸುಮ್ಮನಾದ ಒಂದು ಮಗುವಿಗೆ ಹಲ್ಲು ಹುಳುಕಾಗಿ ಒಳಗೇ ಕೀವು ಕಟ್ಟಿತ್ತು. ನಾನೇ ನೋಡಿದ್ದೇನೆ.

ತಿರುಗಿ ನೋಡುವವರಿಗೆ ‘ಅವನಿಗೆ ಖುಷಿಯಾದರೆ ಹಾಗೇ’ ಅಂದರೆ ಸಾಕು. ಶಾಲೆಯವರನ್ನು ಮಾತ್ರ ಒಂದು ಪ್ರಶ್ನೆ ಕೇಳಿ: ಅವನು ಕೈ ಬೀಸಿದರೆ ತೊಂದರೆ ಆಗುತ್ತಿರೋದು ಯಾರಿಗೆ?

ಮಗಳಿಗೆ 4 ವರ್ಷ, ಡೌನ್ ಸಿಂಡ್ರೋಮ್ ಇದೆ. ಮೂರ್ನಾಲ್ಕು ಪದ ಬಿಟ್ಟರೆ ಮಾತಿಲ್ಲ. ಚಿತ್ರ ಮುಟ್ಟಿದರೆ ಮಾತಾಡುವ ಟ್ಯಾಬ್ ಕೊಡಿ ಅಂತ ಥೆರಪಿಸ್ಟ್ ಹೇಳಿದ್ದಾರೆ. ಅದಕ್ಕೆ ಒಗ್ಗಿದರೆ ಆಮೇಲೆ ಬಾಯೇ ಬಿಡಲ್ಲ ಅಂತ ನನ್ನ ಅಮ್ಮ. ನಿಜ ಹೇಳಬೇಕೆಂದರೆ ನನಗೂ ಅದೇ ಭಯ.

ಈ ಭಯ ಇಲ್ಲದ ಅಪ್ಪ ಅಮ್ಮನನ್ನು ನಾನು ಇನ್ನೂ ನೋಡಿಲ್ಲ. ಆದರೆ ಆಧಾರ ಇಲ್ಲದ ಭಯ. 2006ರಲ್ಲಿ ಮಿಲ್ಲರ್, ಲೈಟ್, ಶ್ಲೋಸರ್ ಅನ್ನುವ ಮೂವರು ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು, ಗಟ್ಟಿ ಪುರಾವೆ ಇದ್ದ 27 ಜನರ ವಿವರ ನೋಡಿದರು. ಇಂಥ ಸಾಧನ ಬಳಸಿದ್ದರಿಂದ ಮಾತು ಕಡಿಮೆಯಾದವರು ಒಬ್ಬರೂ ಇರಲಿಲ್ಲ. ಶೇ 89ರಷ್ಟು ಜನರಲ್ಲಿ ಮಾತು ಹೆಚ್ಚಿತ್ತು. ಭಾರೀ ಏನಲ್ಲ, ಸ್ವಲ್ಪ. ಪವಾಡ ಅಂತ ಯಾರಾದರೂ ಮಾರೋಕೆ ಬಂದರೆ ನಂಬಬೇಡಿ ಅಂತ ಇದನ್ನೂ ಹೇಳುತ್ತಿದ್ದೇನೆ.

ಅದಕ್ಕಿಂತ ಮುಂಚೆ ಒಂದು ವಿಷಯ. ಮಗಳ ಕಿವಿ ಪರೀಕ್ಷೆ ಆಗಿದೆಯಾ? ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಿವಿಯೊಳಗೆ ನೀರು ತುಂಬಿ ಸರಿಯಾಗಿ ಕೇಳಿಸದಿರುವುದು ಬಹಳ ಸಾಮಾನ್ಯ. ಹಿಂದೆ ಒಮ್ಮೆ ಆಗಿದೆ ಅಂತ ಬಿಡಬೇಡಿ, ಆಗಾಗ ಮಾಡಿಸುತ್ತಿರಬೇಕು.

ಇನ್ನು ಟ್ಯಾಬ್. ಬಹಳ ಮನೆಗಳಲ್ಲಿ ಅದನ್ನು ಮಗುವಿನ ಮುಂದಿಟ್ಟು ‘ಮುಟ್ಟು, ಹೇಳು’ ಅಂತ ಪರೀಕ್ಷೆ ಶುರು ಮಾಡುತ್ತಾರೆ. ಉಲ್ಟಾ ಆಗಬೇಕು. ಮುಟ್ಟಬೇಕಾದವರು ನೀವು. ‘ಹೊರಗೆ ಹೋಗೋಣ’ ಅನ್ನುವಾಗ ‘ಹೊರಗೆ’ ಅನ್ನುವ ಚಿತ್ರ ಮುಟ್ಟಿ, ‘ಹೋಗು’ ಮುಟ್ಟಿ, ಹೊರಡಿ. ಅವಳು ಮುಟ್ಟಲೇಬೇಕು ಅಂತ ಕಾಯಬೇಡಿ. ಕೂಸುಗಳು ಒಂದು ಮಾತಾಡುವ ಮುಂಚೆ ಒಂದು ವರ್ಷದ ಹತ್ತಿರ ಬರೀ ಕೇಳಿಸಿಕೊಳ್ಳುತ್ತವೆ ಅಲ್ವಾ, ಆಗ ನಾವೇನು ಉತ್ತರ ಕೊಡು ಅಂತ ಪೀಡಿಸುತ್ತೇವಾ? ಮತ್ತೆ ಅದರಲ್ಲಿ ಬರೀ ಸಾಮಾನಿನ ಹೆಸರು ತುಂಬಬೇಡಿ. ‘ಬೇಡ’, ‘ಸಾಕು’, ‘ಇನ್ನೂ’, ‘ನೋವು’, ‘ನಾನೇ ಮಾಡ್ತೀನಿ’ ಇವು ಬೇಕು. ಐವತ್ತು ಚಿತ್ರ ಇದ್ದೂ ‘ಬೇಡ’ ಇಲ್ಲದ ಬೋರ್ಡುಗಳನ್ನು ನೋಡಿದ್ದೇನೆ. ಪಾಪ, ಆ ಮಕ್ಕಳು ಬೇಡ ಅನ್ನೋದನ್ನು ಕಚ್ಚಿಯೇ ಹೇಳಬೇಕು.

ಹಠ ಮಾಡಿದಳು ಅಂತ ಟ್ಯಾಬನ್ನು ಎತ್ತಿ ಬೀರುವಿನ ಮೇಲೆ ಇಡಬೇಡಿ. ಅದು ಅವಳ ಬಾಯಿ.

ನಮ್ಮ ಹುಡುಗ ಜಾಹೀರಾತಿನ ಸಾಲುಗಳನ್ನೇ ದಿನವಿಡೀ ಹೇಳುತ್ತಾನೆ. ಇದು ಮಾತು ಅಂತ ಲೆಕ್ಕವಾ?

ಲೆಕ್ಕ. 1981ರಲ್ಲೇ ಪ್ರಿಜಂಟ್ ಮತ್ತು ಡೂಕನ್ ಅನ್ನುವ ಸಂಶೋಧಕರು ಆಟಿಸ್ಟಿಕ್ ಮಕ್ಕಳು ಮಾತನ್ನು ತಿರುಗಿ ಹೇಳುವುದನ್ನು ಕೂತು ಗಮನಿಸಿ, ಅದರಲ್ಲಿ ಹೌದು ಅನ್ನೋದು, ಕೇಳೋದು, ತಮ್ಮ ಸರದಿ ತುಂಬೋದು ಹೀಗೆ ಬೇರೆ ಬೇರೆ ಉದ್ದೇಶ ಇರುವುದನ್ನು ತೋರಿಸಿದ್ದರು. ಯಾವ ಸಾಲು ಯಾವಾಗ ಬರುತ್ತದೆ ಅಂತ ಒಂದು ವಾರ ಬರೆದಿಡಿ. ಒಂದು ಹುಡುಗಿ ಸುಸ್ತಾದಾಗಲೆಲ್ಲ ‘ಕಾರ್ಯಕ್ರಮ ಇಲ್ಲಿಗೆ ಮುಕ್ತಾಯ’ ಅನ್ನುತ್ತಿದ್ದಳು. ಇದಕ್ಕಿಂತ ಚೆನ್ನಾಗಿ ನಾನಂತೂ ಹೇಳಲಾರೆ.

ನನಗೆ 71 ವರ್ಷ. ಮೊಮ್ಮಗನಿಗೆ 7. ಮನೆಗೆ ನಾಲ್ಕು ಜನ ಬಂದರೆ ಸಾಕು, ನೆಲಕ್ಕೆ ಬಿದ್ದು ಕಿರುಚುತ್ತಾನೆ. ಸೊಸೆ ಬೈಯುವುದಿಲ್ಲ, ಪಕ್ಕದಲ್ಲಿ ಸುಮ್ಮನೆ ಕೂರುತ್ತಾಳೆ. ನಮ್ಮ ಕಾಲದಲ್ಲಿ ಒಂದು ಬಿಟ್ಟರೆ ಸರಿಹೋಗುತ್ತಿತ್ತು. ಈ ಆಟಿಸಂ ಎಲ್ಲ ಆಗ ಇರಲೂ ಇಲ್ಲ.

ಇತ್ತು ಯಜಮಾನರೇ. ಸೋವಿಯತ್ ದೇಶದ ವೈದ್ಯೆ ಗ್ರುನ್ಯಾ ಸುಖರೇವಾ 1925ರಲ್ಲೇ ಇಂಥ ಆರು ಹುಡುಗರ ಬಗ್ಗೆ ಬರೆದಿದ್ದರು. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದರು. ಹೆಸರು ಜನರ ಬಾಯಿಗೆ ಬಂದಿರಲಿಲ್ಲ ಅಷ್ಟೇ, ಮಕ್ಕಳು ಇದ್ದರು. ಮೊಂಡ, ಮಂಕ ಅನ್ನಿಸಿಕೊಂಡು ಅರ್ಧಕ್ಕೇ ಶಾಲೆ ಬಿಟ್ಟವನೊಬ್ಬ ನಿಮ್ಮ ತರಗತಿಯಲ್ಲೂ ಇದ್ದಿರಬಹುದು, ನೆನಪು ಮಾಡಿಕೊಳ್ಳಿ. ಒಂದು ಬಿಟ್ಟರೆ ಸುಮ್ಮನಾಗುತ್ತಿದ್ದ, ಸರಿ. ಸುಮ್ಮನಾಗೋದು ಬೇರೆ, ಸರಿಹೋಗೋದು ಬೇರೆ ಅಲ್ವಾ?

ಹಠ ಮಾಡುವ ಮಗು ಸಾಮಾನ್ಯವಾಗಿ ಅಳುತ್ತಲೇ ಓರೆಗಣ್ಣಲ್ಲಿ ನಿಮ್ಮನ್ನು ನೋಡುತ್ತಿರುತ್ತದೆ, ಕೇಳಿದ್ದು ಸಿಕ್ಕರೆ ನಿಲ್ಲಿಸುತ್ತದೆ. ನಿಮ್ಮ ಮೊಮ್ಮಗನಿಗೆ ಆಗುತ್ತಿರುವುದು ಮೆಲ್ಟ್‌ಡೌನ್ ಇರಬಹುದು. ನಾಲ್ಕು ಜನರ ಮಾತು, ಟಿವಿ, ಸೆಂಟಿನ ವಾಸನೆ, ಕೆನ್ನೆ ಹಿಂಡುವ ಕೈಗಳು ಎಲ್ಲ ಒಟ್ಟಿಗೆ ಬಂದು ತಲೆ ತುಂಬಿ ಹೋಗಿರುತ್ತದೆ. ಆಗ ಬೇಕಾದ್ದೆಲ್ಲ ಕೊಟ್ಟರೂ ಅದು ನಿಲ್ಲೋದಿಲ್ಲ. ಬುದ್ಧಿಮಾತು ಕಿವಿಗೆ ಇಳಿಯೋದಿಲ್ಲ, ಅದೂ ಒಂದು ಗದ್ದಲವಾಗಿ ಸೇರಿಕೊಳ್ಳುತ್ತದೆ. ಆ ಹೊತ್ತಿಗೆ ಟಿವಿ ಆರಿಸಿ, ಬಂದವರನ್ನು ಇನ್ನೊಂದು ಕೋಣೆಗೆ ಕರೆದುಕೊಂಡು ಹೋಗಿ. ಈ ಕೆಲಸ ಮನೆಯ ಹಿರಿಯರು ಮಾಡಿದರೇ ಚೆನ್ನ, ಸೊಸೆ ಹೇಳಿದರೆ ನೆಂಟರು ಬೇಜಾರಾಗುತ್ತಾರೆ, ನೀವು ಹೇಳಿದರೆ ಎದ್ದು ಬರುತ್ತಾರೆ. ಆಮೇಲೆ ಮಗುವಿಗೆ ನೀರು, ಕತ್ತಲೆ, ನಿದ್ದೆ. ‘ಯಾಕೆ ಹಾಗೆ ಮಾಡಿದೆ’ ಅಂತ ಕೇಳಬೇಡಿ, ಅವನಿಗೂ ಗೊತ್ತಿರೋದಿಲ್ಲ.

ನಿಮ್ಮ ಸೊಸೆ ಪಕ್ಕದಲ್ಲಿ ಕೂತು ದನಿ ಎತ್ತದೆ ಕಾಯುತ್ತಾರಲ್ಲ, ಅದು ಎಷ್ಟು ಕಷ್ಟದ ಕೆಲಸ ಅಂತ ಒಂದು ಸಲ ಅವರ ಜಾಗದಲ್ಲಿ ಕೂತು ನೋಡಿ.

ಮಗಳಿಗೆ 11. ಶಾಲೆಯಲ್ಲಿ ಬಂಗಾರದಂಥ ಹುಡುಗಿ. ಮನೆಗೆ ಬಂದ ಕೂಡಲೇ ಬ್ಯಾಗ್ ಎಸೆದು ಅಳುತ್ತಾಳೆ. ಟೀಚರ್‌ಗೆ ಹೇಳಿದರೆ ನೀವೇ ಮುದ್ದು ಮಾಡಿ ಕೆಡಿಸಿದ್ದೀರಿ ಅನ್ನುತ್ತಾರೆ.

ಶಾಲೆಯಲ್ಲಿ ಆರೇಳು ಗಂಟೆ ತಡೆದುಕೊಂಡದ್ದು ಬಾಗಿಲು ದಾಟಿದ ಕೂಡಲೇ ಹೊರಗೆ ಬರುತ್ತಿದೆ. ಬೇರೆಯವರನ್ನು ನೋಡಿ ನೋಡಿ ನಗೋದು, ಕಣ್ಣಲ್ಲಿ ಕಣ್ಣಿಡೋದು, ಅರ್ಥವಾಗದಿದ್ದರೂ ತಲೆ ಆಡಿಸೋದು, ಇದಕ್ಕೆ ಮಾಸ್ಕಿಂಗ್ ಅನ್ನುತ್ತಾರೆ. ಹೆಣ್ಣುಮಕ್ಕಳಲ್ಲಿ ಆಟಿಸಂ, ಎಡಿಎಚ್‌ಡಿ ತಡವಾಗಿ ಗೊತ್ತಾಗುವುದಕ್ಕೆ ಇದೂ ಒಂದು ಕಾರಣ. ನಿಮ್ಮ ಮಗಳಿಗೆ ಇರುವುದು ಅದೇನಾ ಅಂತ ತಿಳಿದವರಿಗೆ ತೋರಿಸಿ. ಅಲ್ಲಿಯವರೆಗೆ ಮನೆಗೆ ಬಂದ ಮೊದಲ ಒಂದು ಗಂಟೆ ಏನೂ ಕೇಳಬೇಡಿ. ‘ಇವತ್ತು ಏನು ಪಾಠ ಆಯಿತು’ ಅನ್ನೋದೂ ಬೇಡ.

ಟೀಚರ್ ನಂಬಬೇಕಾದರೆ ಅಳುವ ವಿಡಿಯೋ ತೋರಿಸುವವರಿದ್ದಾರೆ. ದಯವಿಟ್ಟು ಬೇಡ, ಅದು ಅವಳ ಮಾನ. ಯಾವ ದಿನ, ಯಾವ ಪೀರಿಯಡ್ ಇದ್ದಾಗ ಅಳು ಜಾಸ್ತಿ ಅಂತ ಎರಡು ವಾರದ ಪಟ್ಟಿ ತೆಗೆದುಕೊಂಡು ಹೋಗಿ. ಪಟ್ಟಿಯ ಜೊತೆ ಜಗಳ ಆಡೋದು ಕಷ್ಟ.

ಫೋನ್ ಜಾಸ್ತಿ ಕೊಟ್ಟೆ, ಲಸಿಕೆ ಹಾಕಿಸಿದೆ, ಬಸುರಿಯಾಗಿದ್ದಾಗ ಅತ್ತಿದ್ದೆ. ನನ್ನಿಂದಲೇ ಹೀಗಾಯಿತಾ?

ಇಲ್ಲ. ಆಟಿಸಂನಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಲಸಿಕೆಗೂ ಆಟಿಸಂಗೂ ನಂಟು ಇದೆ ಅಂದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ವಾಪಸ್ ತೆಗೆದುಕೊಂಡಿತು. ತಾಯಿಯ ತಣ್ಣನೆ ಮನಸ್ಸೇ ಕಾರಣ ಅಂತ ಒಂದು ಕಾಲದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೇ ಹೇಳಿ, ಎಷ್ಟೋ ಅಮ್ಮಂದಿರನ್ನು ಅಳಿಸಿ, ಕೊನೆಗೆ ಅದೂ ಸುಳ್ಳಾಯಿತು. ನೀವು ಇವತ್ತು ರಾತ್ರಿ ನಿದ್ದೆ ಮಾಡಿ.

ಮಗುವನ್ನು ಇರುವ ಹಾಗೇ ಒಪ್ಪಿಕೊಳ್ಳಿ ಅನ್ನುತ್ತೀರಿ. ಹಾಗಾದರೆ ಥೆರಪಿ ಬೇಡವಾ? ನ್ಯೂರೋಡೈವರ್ಸಿಟಿ ಅಂತ ಹೇಳಿಕೊಂಡು ಸುಮ್ನೆ ಕೂರೋದಾ?

ನನ್ನ ಹೊಟ್ಟೆಪಾಡೇ ಥೆರಪಿ, ಬೇಡ ಅಂತ ಹೇಗೆ ಹೇಳಲಿ! ನ್ಯೂರೋಡೈವರ್ಸಿಟಿ ಅನ್ನುವ ಪದ 1990ರ ದಶಕದಲ್ಲಿ ಆಟಿಸ್ಟಿಕ್ ಜನರ ಮಾತುಕತೆಯ ನಡುವೆ ಬೆಳೆದದ್ದು. ಎಲ್ಲರ ಮೆದುಳೂ ಒಂದೇ ಥರ ಕೆಲಸ ಮಾಡೋದಿಲ್ಲ ಅನ್ನುವುದಷ್ಟೇ ಅದರ ಅರ್ಥ. ಕಷ್ಟವೇ ಇಲ್ಲ ಅಂತ ಅದು ಹೇಳೋದಿಲ್ಲ. ‘ಆಟಿಸಂ ಅಂದರೆ ವಿಶೇಷ ಶಕ್ತಿ’ ಅಂತ ಬರೆಯುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ರಾತ್ರಿ ಎರಡಕ್ಕೆ ಎದ್ದು ಮೂರು ಸಲ ಹಾಸಿಗೆ ಬದಲಿಸುವ ಅಮ್ಮನ ಮುಂದೆ ಹೋಗಿ ಆ ಮಾತು ಹೇಳಲಿ.

ಬದಲಾಗಬೇಕಾದ್ದು ಗುರಿ. ಕಣ್ಣಲ್ಲಿ ಕಣ್ಣಿಟ್ಟು ನೋಡು, ಕೈ ಆಡಿಸಬೇಡ, ಬೇರೆ ಮಕ್ಕಳ ಥರ ಆಡು, ಇಂಥವನ್ನೆಲ್ಲ ಪಟ್ಟಿಯಿಂದ ತೆಗೆಯಿರಿ. ನೋವಾದರೆ ಹೇಳೋದು, ರಸ್ತೆ ದಾಟೋದು, ನಿದ್ದೆ, ಶೌಚ, ತನ್ನ ಬಟ್ಟೆ ತಾನೇ ಹಾಕಿಕೊಳ್ಳೋದು ಇವನ್ನು ಹಾಕಿ. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಬೇರೆಯವರಿಗಿಂತ ಜಾಸ್ತಿ, ಅದಕ್ಕೆ ಔಷಧ ಬೇಕೇ ಬೇಕು. ಎಡಿಎಚ್‌ಡಿಗೆ ಡಾಕ್ಟರ್ ಮಾತ್ರೆ ಕೊಟ್ಟು ಮಗುವಿಗೆ ಹಗುರ ಅನ್ನಿಸುತ್ತಿದ್ದರೆ ಅದರಲ್ಲೂ ತಪ್ಪಿಲ್ಲ. ಹತ್ತು ಹೆಜ್ಜೆ ನಡೆದರೆ ಸುಸ್ತಾಗುವ ಮಗುವಿಗೆ ವೀಲ್‌ಚೇರ್ ಕೊಟ್ಟು, ಉಳಿದ ಶಕ್ತಿಯನ್ನು ಆಟಕ್ಕೆ ಇಟ್ಟುಕೊಳ್ಳಲಿ ಅನ್ನುವುದೂ ಒಳ್ಳೆಯ ಥೆರಪಿಯೇ.

ಹೊಸ ಥೆರಪಿಸ್ಟ್ ಹತ್ತಿರ ಹೋದರೆ ಫೀಸು ಕೇಳುವ ಮುಂಚೆ ಇದನ್ನು ಕೇಳಿ: ‘ನನ್ನ ಮಗು ಬೇಡ ಅಂದರೆ ನೀವು ಏನು ಮಾಡುತ್ತೀರಿ?’ ‘ಅಭ್ಯಾಸ ಆಗುತ್ತೆ ಬಿಡಿ’ ಅಂದರೆ ವಾಪಸ್ ಬನ್ನಿ. ‘ಪೋಷಕರು ಹೊರಗೇ ಇರಬೇಕು, ನೋಡುವ ಹಾಗಿಲ್ಲ’ ಅಂದರೂ ಅಷ್ಟೇ.

ನನಗೆ 17. ತಮ್ಮನಿಗೆ 12, ಅವನಿಗೆ ಆಟಿಸಂ, ಮಾತಿಲ್ಲ. ನನ್ನ ಪರೀಕ್ಷೆಯ ಹಿಂದಿನ ದಿನವೂ ಮನೆಯಲ್ಲಿ ಅವನದ್ದೇ ಮಾತು. ನಾವು ಹೋದ ಮೇಲೆ ನೀನೇ ನೋಡಿಕೊಳ್ಳಬೇಕು ಅನ್ನುತ್ತಾರೆ. ಅವನೆಂದರೆ ಪ್ರಾಣ. ಆದರೂ ಕೆಲವು ಸಲ ಅವನು ಇಲ್ಲದಿದ್ದರೆ ಅನ್ನಿಸುತ್ತದೆ. ನಾನು ಕೆಟ್ಟವಳಾ ಆಂಟಿ?

ಅಲ್ಲ ಪುಟ್ಟಾ. ಸುಸ್ತಾದವಳು. ಅವೆರಡೂ ಒಟ್ಟಿಗೆ ಇರುತ್ತವೆ, ಪ್ರಾಣವೂ ಹೌದು, ಸಾಕಪ್ಪಾ ಅನ್ನೋದೂ ಹೌದು.

ಈ ಪುಟ ಅಪ್ಪ ಅಮ್ಮನಿಗೆ ತೋರಿಸು, ಇನ್ನು ನಾನು ಬರೆಯೋದು ಅವರಿಗೆ. ನೀವು ಹೋದ ಮೇಲೆ ಅನ್ನುವ ಮಾತನ್ನು 17ರ ಹುಡುಗಿಯ ತಲೆಗೆ ಹೊರಿಸಿ ನೀವು ಹಗುರಾಗಬೇಡಿ. ಅವನು ಎಲ್ಲಿ ಇರುತ್ತಾನೆ, ಅವನ ದುಡ್ಡು ಯಾರು ನೋಡುತ್ತಾರೆ, ಮನೆಯವರಲ್ಲದೆ ಅವನ ದಿನಚರಿ ಗೊತ್ತಿರುವ ಇನ್ನಿಬ್ಬರು ಯಾರು? ಇದನ್ನು ಯೋಚಿಸಬೇಕಾದವರು ನೀವು, ಈಗ. ಅವಳು ಮುಂದೆ ಅಕ್ಕನಾಗಿ ಜೊತೆಗಿರಬಹುದು, ಅದು ಅವಳ ಇಷ್ಟ. ವಾರಕ್ಕೆ ಒಂದು ಸಂಜೆ ಇಬ್ಬರಲ್ಲಿ ಒಬ್ಬರು ಅವಳ ಜೊತೆ ಮಾತ್ರ ಕಳೆಯಿರಿ, ತಮ್ಮನ ಸುದ್ದಿ ಎತ್ತದೆ.

ಮತ್ತೆ ಒಂದು ನೋಟ್‌ಬುಕ್ ಮಾಡಿ. ಅವನಿಗೆ ಯಾವ ಶಬ್ದ ಆಗೋದಿಲ್ಲ, ಹೊಟ್ಟೆನೋವು ಬಂದರೆ ಹೇಗೆ ತೋರಿಸುತ್ತಾನೆ, ಯಾವ ಹೊದಿಕೆ ಇದ್ದರೆ ಮಲಗುತ್ತಾನೆ, ಎಲ್ಲ ಬರೆದಿಡಿ, ನಾಳೆ ಯಾರು ಬಂದರೂ ಓದಿ ತಿಳಿದುಕೊಳ್ಳುವ ಹಾಗೆ. ಈ ಮನೆಯಲ್ಲಿ ಅದೆಲ್ಲ ಅಕ್ಕನಿಗೇ ಜಾಸ್ತಿ ಗೊತ್ತು ಅಂತ ನನ್ನ ಅನುಮಾನ. ಆದರೂ ಮೊದಲ ಪುಟ ಅಮ್ಮ ಬರೆಯಲಿ, ಎರಡನೆಯದು ಅಪ್ಪ. ಅವಳಿಗೆ ಪರೀಕ್ಷೆ ಇದೆ.