ಬಿಗಿತವನ್ನು ಓಡಿಸಬೇಕೆ?

ಆತ್ಮೀಯ ಓದುಗರೇ,

ಮುಂಜಾನೆ 20 ನಿಮಿಷ ಕಣ್ಣು ಮುಚ್ಚಿ ಕುಳಿತರೆ ಹುಬ್ಬುಗಳ ನಡುವೆಯೂ ಹೆಗಲುಗಳಲ್ಲಿಯೂ ಬಿಗಿತ ಕಾಣಿಸಿಕೊಳ್ಳುತ್ತದೆ, ಸಡಿಲಿಸಲು ಯತ್ನಿಸಿದಷ್ಟೂ ಹೆಚ್ಚುತ್ತದೆ, 6 ತಿಂಗಳಾದರೂ ಇದೇ ಪಾಡಾದ್ದರಿಂದ ಧ್ಯಾನ ನಿಮಗೆ ಒಗ್ಗುವುದಿಲ್ಲವೇನೋ ಎಂದು ಬರೆದಿದ್ದೀರಿ. ಬಿಗಿತವನ್ನು ‘ಓಡಿಸುವ’ ಉಪಾಯವನ್ನೂ ಕೇಳಿದ್ದೀರಿ. ತೊಡಕಿರುವುದು ಆ ‘ಓಡಿಸುವ’ ಎಂಬ ಮಾತಿನಲ್ಲಿಯೇ ಎಂದು ನನಗೆ ತೋರುತ್ತದೆ. ಓಡಿಸಲು ಹೊರಟ ಮನಸ್ಸು, ಹೋಯಿತೆ, ಇನ್ನೂ ಇದೆಯೆ ಎಂದು ಕ್ಷಣಕ್ಷಣಕ್ಕೂ ಪರೀಕ್ಷಿಸುತ್ತಿರುತ್ತದೆ. ಆ ಪರೀಕ್ಷೆಯಲ್ಲಿ ನಮಗರಿವಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ, ಹಲ್ಲು ಕಚ್ಚುತ್ತೇವೆ, ಹುಬ್ಬು ಗಂಟಿಕ್ಕುತ್ತೇವೆ.

ಪತಂಜಲಿಯ ಯೋಗಸೂತ್ರಗಳ ಎರಡನೆಯ ಪಾದದಲ್ಲಿ, ಎಂದರೆ ಅಧ್ಯಾಯದಲ್ಲಿ, ಆಸನವು ಸ್ಥಿರವೂ ಸುಖವೂ ಆಗಿರಬೇಕೆಂದು 46ನೆಯ ಸೂತ್ರ ಹೇಳಿದರೆ, ಅದು ಸಿದ್ಧಿಸುವ ಬಗೆಯನ್ನು ಹೇಳುವ 47ನೆಯ ಸೂತ್ರ ‘ಪ್ರಯತ್ನಶೈಥಿಲ್ಯ’ ಎಂಬ ಪದದಿಂದ ಆರಂಭವಾಗುತ್ತದೆ. ಸಡಿಲವಾಗಬೇಕಾದದ್ದು ಪ್ರಯತ್ನ, ಸೂತ್ರಕಾರ ಸ್ನಾಯುಗಳ ಹೆಸರನ್ನು ಎತ್ತುವುದೇ ಇಲ್ಲ. ಈ ಪದವನ್ನು ನಾನು ಎಷ್ಟು ಸಲ ಓದಿದರೂ ಹೊಸದೆನಿಸುತ್ತದೆ.

ಹಾಗಾದರೆ ಕುಳಿತಾಗ ಮಾಡಬೇಕಾದದ್ದೇನು? ಬಿಗಿತ ತಲೆದೋರಿದೊಡನೆ ಅದರ ಮೇಲೆ ಬೀಳದೆ, ದೇಹದಲ್ಲಿ ಈಗಾಗಲೇ ವಿಶ್ರಾಂತವಾಗಿರುವ ಜಾಗಗಳನ್ನು ಮೊದಲು ಗಮನಿಸಿ: ನೆಲಕ್ಕೆ ಭಾರ ಬಿಟ್ಟಿರುವ ತೊಡೆಗಳು, ಮಡಿಲಲ್ಲಿ ಸುಮ್ಮನೆ ಬಿದ್ದಿರುವ ಅಂಗೈಗಳು. ಗಮನ ಅಲ್ಲಿ ನೆಲೆಯೂರಿದ ಮೇಲೆ ಬಿಗಿತದ ಕಡೆಗೆ ನಿಧಾನವಾಗಿ ತಿರುಗಿ, ಅದು ಎಷ್ಟು ಅಗಲವಿದೆ, ಎಳೆಯುತ್ತದೆಯೋ ಒತ್ತುತ್ತದೆಯೋ, ಉಸಿರಿನೊಂದಿಗೆ ಏರಿಳಿಯುತ್ತದೆಯೋ ಎಂಬುದನ್ನು ಕಾಯಿಲೆ ಬಿದ್ದ ಮಗುವಿನ ಪಕ್ಕದಲ್ಲಿ ಕುಳಿತವರ ಹಾಗೆ ನೋಡುತ್ತಿರಿ. ಉಸಿರು ಹೊರಹೋಗುವಾಗ, ಮಿದುಳಿನಿಂದ ಹೃದಯದವರೆಗೂ ಹಬ್ಬಿರುವ ವೇಗಸ್ ಎಂಬ ನರದ ಪ್ರಭಾವದಿಂದ ಹೃದಯದ ಬಡಿತ ತಾನಾಗಿಯೇ ತುಸು ನಿಧಾನವಾಗುತ್ತದೆ. ಆದ್ದರಿಂದ ನಿಶ್ವಾಸವನ್ನು ತಳ್ಳದೆ, ಕೊನೆ ಮುಟ್ಟುವವರೆಗೆ ಬಿಟ್ಟುಕೊಟ್ಟರೆ ಸಾಕು. ಬಿಗಿತ ಕರಗಬಹುದು, ಕರಗದೆಯೂ ಇರಬಹುದು. ಕರಗದಿದ್ದರೂ ಇರಲಿ ಎಂಬ ಒಪ್ಪಿಗೆ ನಿಜವಾದದ್ದಾಗಿರಬೇಕು; ಕರಗಿಸುವುದಕ್ಕೆಂದೇ ವಿಶ್ರಾಂತಿಯ ವೇಷ ಹಾಕಿದರೆ ಮನಸ್ಸು ಮತ್ತೆ ಕಾವಲಿಗೆ ನಿಲ್ಲುತ್ತದೆ.

ಇದರಿಂದ ಜಡತೆ ಬಂದೀತೆಂಬ ಅಳುಕು ಸಹಜ. ಪಾದಗಳಿಂದ ರಕ್ತ ಒಸರುವಷ್ಟು ಚಂಕ್ರಮಣ (ನಡೆಯುತ್ತ ಮಾಡುವ ಧ್ಯಾನ) ಮಾಡಿ ಹತಾಶನಾಗಿದ್ದ ಸೋಣನೆಂಬ ಭಿಕ್ಷುವಿಗೆ, ಅವನು ಹಿಂದೆ ವೀಣೆ ನುಡಿಸುತ್ತಿದ್ದುದನ್ನು ನೆನಪಿಸಿ, ತಂತಿ ಅತಿ ಬಿಗಿಯಾದರೂ ಅತಿ ಸಡಿಲವಾದರೂ ನಾದ ಹೊರಡದೆಂದು ಬುದ್ಧ ತಿಳಿಹೇಳಿದ ಪ್ರಸಂಗ ಪಾಲಿ ಗ್ರಂಥಗಳಲ್ಲಿದೆ. ತೂಕಡಿಕೆ ಬಂದರೆ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರೆತೆರೆಯಿರಿ.

ಮಂಡಿಯ ಚುಚ್ಚುನೋವು, ಕಾಲಿನ ಮರಗಟ್ಟುವಿಕೆ ಈ ಮಾತಿಗೆ ಸೇರಿದವಲ್ಲ. ಅವುಗಳನ್ನು ಸಹಿಸದೆ ಭಂಗಿ ಬದಲಿಸಿ. ಕುಳಿತಾಗಲೆಲ್ಲ ಭಯವೋ ಉಸಿರುಗಟ್ಟಿದ ಭಾವವೋ ಉಕ್ಕಿದರೆ ಕಣ್ಣು ತೆರೆದು ಎದ್ದುಬಿಡಿ, ವೈದ್ಯರನ್ನು ಕಾಣಿ.

ಧ್ಯಾನ ಒಗ್ಗಿಲ್ಲವೆಂಬ ನಿಮ್ಮ ತೀರ್ಮಾನವನ್ನು ನಾನು ಒಪ್ಪಲಾರೆ. ಹುಬ್ಬಿನ ಇಷ್ಟು ಸಣ್ಣ ಸೆಳೆತವನ್ನು ಗುರುತಿಸುವ ಗಮನ ನಿಮ್ಮಲ್ಲಿ ಬೆಳೆದಿದೆ. ಸದ್ಯಕ್ಕೆ 10 ನಿಮಿಷ ಮಾತ್ರ ಕುಳಿತುಕೊಳ್ಳಿ, ಎದ್ದ ಮೇಲೆ ಬಿಗಿತ ಎಷ್ಟು ಇಳಿಯಿತೆಂದು ಲೆಕ್ಕ ಹಾಕಬೇಡಿ. ಎರಡು ವಾರ ಕಳೆದ ಮೇಲೆ ಮತ್ತೆ ಬರೆಯಿರಿ. ನಿಮ್ಮ ಪತ್ರಕ್ಕಾಗಿ ಕಾಯುತ್ತಿರುತ್ತೇನೆ.

– ಸಂಪಾದಕ